ಗಾಳಿ ತಗ್ಗಿತೋ, ಮಾಪಕ ಬದಲಾಯಿತೋ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಿರಿಯರ ಜೊತೆ ಮಾತಿಗೆ ಕೂತರೆ ‘ಆಷಾಢದ ಗಾಳಿ ಮೊದಲಿನಂಗ ಬೀಸೂದಿಲ್ರಿ’ ಎಂಬ ಮಾತು ಬರುತ್ತದೆ. ನಗುವ ಮಾತಲ್ಲ ಅದು. 1979ರಿಂದ 2008ರವರೆಗೆ ಉತ್ತರ ಗೋಳಾರ್ಧದ ಬಹಳಷ್ಟು ಕೇಂದ್ರಗಳಲ್ಲಿ ನೆಲಮಟ್ಟದ ಗಾಳಿ ಶೇ 5ರಿಂದ 15ರಷ್ಟು ತಗ್ಗಿದೆ ಎಂದು ರಾಬರ್ಟ್ ವೊತಾರ್ ತಂಡ 2010ರಲ್ಲಿ ಬರೆಯಿತು. 2010ರ ಸುಮಾರಿನಿಂದ ಅದು ಮತ್ತೆ ಏರುತ್ತಿದೆ ಎಂದು 2019ರಲ್ಲಿ ಇನ್ನೊಂದು ತಂಡ ಹೇಳಿತು. ನಮ್ಮ ಸೀಮೆಯ ಅಂಕಿಗಳಿಂದ ಇದರ ನಿಜ ಹುಡುಕಲು ಹೊರಟರೆ ಮೊದಲು ಎದುರಾಗುವುದು ಗಾಳಿಯಲ್ಲ, ಅದನ್ನು ಅಳೆದ ಯಂತ್ರ.

ಅರಭಾವಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವಿದೆ. ದೇಶದ ಇಂಥ ಕೃಷಿ ವೀಕ್ಷಣಾಲಯಗಳಲ್ಲಿ ಬಟ್ಟಲು ಮಾಪಕವನ್ನು ಸುಮಾರು 3 ಮೀಟರ್ ಎತ್ತರದ ಕಂಬದ ಮೇಲೆ ಕೂರಿಸುವುದು ರೂಢಿ. ಮೂರು ಬಟ್ಟಲು ತಿರುಗಿದಂತೆ ಕೆಳಗಿನ ಎಣಿಕೆ ಪೆಟ್ಟಿಗೆಯ ಅಂಕಿ ಕಿಲೋಮೀಟರ್ ಲೆಕ್ಕದಲ್ಲಿ ಏರುತ್ತದೆ. ಇಂದಿನ ಅಂಕಿಯಿಂದ ನಿನ್ನೆಯದನ್ನು ಕಳೆದು 24ರಿಂದ ಭಾಗಿಸಿದರೆ ದಿನದ ಸರಾಸರಿ ವೇಗ. ಸರಳ, ಗಟ್ಟಿ, ಅಗ್ಗದ ವ್ಯವಸ್ಥೆ. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿಗೊಂದರಂತೆ ನೆಟ್ಟ ಸ್ವಯಂಚಾಲಿತ ಕೇಂದ್ರಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಮಳೆ, ಬಿರುಗಾಳಿಯ ಎಚ್ಚರಿಕೆಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ತಕರಾರು ಇರುವುದು ಎರಡು ಬಗೆಯ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಹೊಲಿಯುವ ಪದ್ಧತಿಯ ಬಗ್ಗೆ.

ಒಂದು ಲೆಕ್ಕ ನೋಡಿ. ಗಾಳಿ ಅಳೆಯಲು ವಿಶ್ವ ಹವಾಮಾನ ಸಂಸ್ಥೆ ಹೇಳುವ ಎತ್ತರ 10 ಮೀಟರ್. ಬಯಲಿನಲ್ಲಿ ಬಳಸುವ ಏಳನೇ ಒಂದು ಘಾತದ ಸೂತ್ರ ಹಿಡಿದರೆ, 3 ಮೀಟರಿನಲ್ಲಿ ಗಂಟೆಗೆ 8 ಕಿ.ಮೀ. ಇದ್ದ ಗಾಳಿ 10 ಮೀಟರಿನಲ್ಲಿ 9.5 ಕಿ.ಮೀ. ಆಗುತ್ತದೆ. ಕಂಬ ಬದಲಾದ ವರ್ಷವೇ ಶೇ 19ರಷ್ಟು ‘ಏರಿಕೆ’! ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ವಿದ್ಯುತ್ತಿನ ಲೆಕ್ಕದಲ್ಲಿ ಅದು ಶೇ 68 ಆಗಿಬಿಡುತ್ತದೆ. ಸವದತ್ತಿ ಗುಡ್ಡದ ಗಾಳಿಯಂತ್ರಗಳಿಗೆ ಹಣ ಹಾಕಿದವರು ಈ ತಪ್ಪು ಮಾಡಲಾರರು ಬಿಡಿ, ಅವರು ಬೇರೆಯೇ ಎತ್ತರದ ಕಂಬ ನಿಲ್ಲಿಸಿ ಅಳೆಯುತ್ತಾರೆ. ಆದರೆ ಕಬ್ಬಿಗೆ ಎಷ್ಟು ನೀರು ಬೇಕೆಂಬ ಲೆಕ್ಕಕ್ಕೂ ಗಾಳಿಯ ವೇಗ ಬೇಕು, ಅದೂ 2 ಮೀಟರ್ ಎತ್ತರದ್ದು.

ಎತ್ತರ ಒಂದೇ ಇದ್ದರೂ ಗೋಜಲು ತಪ್ಪದು. ಧೂಳು ಕೂತ, ಸವೆದ ಬೇರಿಂಗಿನ ಬಟ್ಟಲು ಮೆಲ್ಲಗಾಗುತ್ತದೆ, ಮಂದ ಗಾಳಿಗೆ ತಿರುಗುವುದೇ ಇಲ್ಲ. ವರ್ಷಗಟ್ಟಲೆ ಗಾಳಿ ‘ಇಳಿಯುತ್ತ’ ಬಂದು, ಹೊಸ ಮಾಪಕ ಕೂತ ದಿನ ಜಿಗಿಯುತ್ತದೆ. ಶಬ್ದತರಂಗದಿಂದ ಅಳೆಯುವ ಸೆನ್ಸರಿಗೆ ತಿರುಗುವ ಭಾಗವೇ ಇಲ್ಲ; ಹಳೆಯ ರಿಜಿಸ್ಟರಿನಲ್ಲಿ ‘ಶಾಂತ’ ಎಂದು ಬರೆದ ಗಳಿಗೆಯಲ್ಲೂ ಅದು ಸಣ್ಣ ಗಾಳಿ ಕಾಣುತ್ತದೆ. ಈ ರೋಗ ಮಾಪಕದಷ್ಟೇ ಹಳೆಯದು. 1846ರಲ್ಲಿ ಬಟ್ಟಲು ಮಾಪಕ ಮಾಡಿದ ಐರ್ಲೆಂಡಿನ ರಾಬಿನ್‌ಸನ್, ಬಟ್ಟಲಿನ ವೇಗವನ್ನು ಮೂರರಿಂದ ಗುಣಿಸಿದರೆ ಗಾಳಿಯ ವೇಗ ಸಿಗುತ್ತದೆ ಎಂದಿದ್ದರು. ಆ ಗುಣಕ ಬಟ್ಟಲು, ತೋಳುಗಳ ಅಳತೆಯಂತೆ ಬದಲಾಗುತ್ತದೆ, ಸಾಮಾನ್ಯವಾಗಿ ಮೂರಕ್ಕಿಂತ ಕಡಿಮೆ ಎಂದು ಗೊತ್ತಾಗುವಷ್ಟರಲ್ಲಿ ದಶಕಗಳ ದಾಖಲೆ ಉಬ್ಬಿಹೋಗಿತ್ತು.

ಹಾಗೆಂದು ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವುದೂ ಸರಿಯಲ್ಲ. ಘಟಪ್ರಭಾ ಕಾಲುವೆಯ ನೀರಿನಿಂದ ಬಯಲು ಕಬ್ಬಾಗಿದೆ. ಬೆಳೆದ ಕಬ್ಬಿನ ಎತ್ತರವೂ ಹೆಚ್ಚುಕಡಿಮೆ 3 ಮೀಟರೇ. ಮಾಪಕದ ಸಮಕ್ಕೆ ಪೈರು ನಿಂತರೆ ಅಲ್ಲಿ ಗಾಳಿ ನಿಜವಾಗಿಯೇ ತಗ್ಗುತ್ತದೆ. ವೊತಾರ್ ತಂಡವೂ ಇಳಿಕೆಯ ಒಂದು ಪಾಲನ್ನು ಹೆಚ್ಚಿದ ಗಿಡಮರಗಳ ಲೆಕ್ಕಕ್ಕೆ ಬರೆದಿದೆ. ಹಿರಿಯರ ಮಾತು ಇಲ್ಲಿ ಗೆಲ್ಲಲೂಬಹುದು. ಆದರೆ ಬೇರಿಂಗಿನ ಸವೆತ ಎಷ್ಟು, ಕಬ್ಬಿನ ಮರೆ ಎಷ್ಟು ಎಂದು ಬಿಡಿಸಲು ಬರೀ ಅಂಕಿ ಸಾಲದು, ಮಾಪಕದ ಜಾತಕ ಬೇಕು.

ಪುಣೆಯ ಹವಾಮಾನ ಇಲಾಖೆಯಲ್ಲಿ ಉಪಕರಣಗಳನ್ನು ಒಂದೇ ಅಳತೆಗೆ ತಂದ ಅಣ್ಣಾ ಮಣಿ ಇದನ್ನು ಅರಿತವರು. ತಪ್ಪು ಅಳತೆಗಿಂತ ಅಳೆಯದಿರುವುದೇ ವಾಸಿ ಎಂಬುದು ಅವರ ಹಠವಾಗಿತ್ತು. ಡಿ. ಎ. ಮೂಳೆ ಅವರೊಂದಿಗೆ 1983ರಲ್ಲಿ ಅವರು ತಂದ ಭಾರತದ ಪವನಶಕ್ತಿ ದತ್ತಾಂಶದ ಸಂಪುಟವನ್ನು ಇಂದಿಗೂ ನೆನೆಯುತ್ತಾರೆ. ಆ ಶಿಸ್ತು ತಾಲೂಕು ಮಟ್ಟಕ್ಕೆ ಇಳಿದಿಲ್ಲ. ಬೇಸಾಯದ ವರದಿಗಳ ಕೊನೆಗೆ ಅಚ್ಚಾಗುವ ಹವಾಮಾನ ಕೋಷ್ಟಕದಲ್ಲಿ ಗಾಳಿಯ ವೇಗವಿರುತ್ತದೆ. ಯಾವ ಮಾಪಕ, ಎಷ್ಟು ಎತ್ತರ, ಯಾವಾಗ ಬದಲಾಯಿತು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ.

ಹಳೆಯ ಮಾಪಕವನ್ನು ಕಿತ್ತುಹಾಕುವ ಮುನ್ನ ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಎರಡು ವರ್ಷ, ಹೊಸದರ ಪಕ್ಕದಲ್ಲೇ ಓಡಿಸಿ ಎಂಬುದು ವಿಶ್ವ ಹವಾಮಾನ ಸಂಸ್ಥೆಯ ಸಲಹೆ. ಖರ್ಚು ದೊಡ್ಡದಲ್ಲ. ಕೇಂದ್ರಗಳ ಹೊಣೆ ಹೊತ್ತವರು ಇಷ್ಟು ಮಾಡಲಿ, ಪ್ರತಿ ಕೋಷ್ಟಕದ ಕೆಳಗೆ ಮಾಪಕದ ಹೆಸರು, ಎತ್ತರ, ಬದಲಾದ ತಾರೀಖು ಅಚ್ಚು ಹಾಕಲಿ.