ಸಿಎಂ ಸತ್ತಿರಲಿಲ್ಲ, ಅನುವಾದ ಕೆಟ್ಟಿತ್ತು

2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಬಗ್ಗೆ ಕನ್ನಡದಲ್ಲಿ ಪೋಸ್ಟ್ ಬಂತು. ಮೆಟಾದ ಆಟೋ ಟ್ರಾನ್ಸ್‌ಲೇಷನ್ ಇಂಗ್ಲಿಷ್‌ನಲ್ಲಿ ಸಿಎಂ ಅವರನ್ನೇ ಸಾಯಿಸಿಬಿಡ್ತು! ಅಶೋಕಪುರಂನ ಟೀ ಅಂಗಡಿಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಕೋಡ್ ಬರೆಯೋನ ತಲೆ ಸುಮ್ಮನಿರಲ್ಲ.

‘ಮೇಷ್ಟ್ರು ನಿನ್ನೆ ಸತ್ತ ಹಸು ನೋಡ್ಕೊಂಡು ಬಂದ್ರು’ ಅಂದ್ರೆ ಸತ್ತಿದ್ದು ಯಾರು ಅಂತ ನಮ್ಮೂರಿನ ಮೂರನೇ ಕ್ಲಾಸಿನ ಹುಡುಗನಿಗೂ ಗೊತ್ತು. ಕನ್ನಡದಲ್ಲಿ ‘ಸತ್ತ’ ಅನ್ನೋದು ಮುಂದಿನ ಪದಕ್ಕೆ ಅಂಟಿಕೊಳ್ಳುತ್ತೆ. ಅದನ್ನ ಹಿಂದಿನ ಪದಕ್ಕೆ ಅಂಟಿಸಿದ್ರೆ ಹಸು ಉಳೀತು, ಮೇಷ್ಟ್ರು ಹೋದ್ರು.

ಬಗ್ ನನ್ನ ಕೋಡಲ್ಲೂ ಇರುತ್ತೆ, ಅದಕ್ಕೆ ಬೈಯಲ್ಲ. ನನ್ನ ತಕರಾರು ಡಿಸೈನ್ ಬಗ್ಗೆ. ಬರೆದವರ ಹೆಸರು, ಫೋಟೊ ಕೆಳಗೆ ಯಂತ್ರದ ಮಾತೇ ಮೊದಲು ಕಾಣುತ್ತೆ. ಮೂಲ ಬೇಕಂದ್ರೆ ಹುಡುಕಿ ಒತ್ತಬೇಕು. ಬರೆದವರನ್ನ ಯಾರೂ ಕೇಳಿರಲ್ಲ.

ಸಿಎಂ ಕಡೆಯಿಂದ ಪತ್ರ ಹೋಯ್ತು. ಮೆಟಾ ಕ್ಷಮೆ ಕೇಳಿ ಸರಿಮಾಡ್ತು. ನಾಳೆ ನಾನು ಅಜ್ಜಿ ತೀರಿಕೊಂಡ ಪೋಸ್ಟ್ ಹಾಕಿ, ಪುಣೆಯ ಟೀಮ್‌ಮೇಟಿಗೆ ನಾನೇ ಸತ್ತಂಗೆ ಕಂಡ್ರೆ? ಸೆಟ್ಟಿಂಗ್ಸ್‌ನಲ್ಲಿ ಕನ್ನಡಕ್ಕೆ ಅನುವಾದ ಆಫ್ ಮಾಡಿದ್ದೀನಿ. ಅದು ನನ್ನ ಸ್ಕ್ರೀನಿಗಷ್ಟೇ, ಅವನದಕ್ಕಲ್ಲ.