ಬಿಟ್ಟ ಪಂಕ್ತಿ, ಕೂಡುವ ಪಂಕ್ತಿ

ಹುಟ್ಟಿದ ಮತವನ್ನು ಬಿಟ್ಟವನ ಕಥೆಯನ್ನು ಹೇಳುವ ಗ್ರಂಥಗಳು ಬಹುಮಟ್ಟಿಗೆ ಹೊಸಿಲಿನ ಮೇಲೆಯೇ ನಿಂತುಬಿಡುತ್ತವೆ. ಮೊದಲ ಸಂಶಯ ಹೇಗೆ ಹುಟ್ಟಿತು, ಅದನ್ನು ಅಡಗಿಸಲು ಅವನು ಪಟ್ಟ ಪಾಡೇನು, ಕೊನೆಗೆ ಯಾವ ದಿನ 'ಇನ್ನು ಒಲ್ಲೆ' ಎಂದನು ಎಂಬಲ್ಲಿಗೆ ಗ್ರಂಥ ಮುಗಿಯುತ್ತದೆ. ಮರುದಿನ ಅವನು ಯಾರ ಪಕ್ಕದಲ್ಲಿ ಕುಳಿತು ಉಂಡನು, ಮನಸ್ಸಿನ ಮಾತನ್ನು ಯಾರೊಡನೆ ಆಡಿದನು, ಸತ್ತಾಗ ಅವನ ಹೆಣಕ್ಕೆ ಹೆಗಲು ಕೊಟ್ಟವರು ಯಾರು ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ವಿಮರ್ಶಕರೂ ಅವನ್ನು ಕೇಳುವುದು ಅಪರೂಪ. ಸಂಶಯವು ಬುದ್ಧಿಯ ವ್ಯವಹಾರ, ಊಟ ಉಪಚಾರಗಳು ಲೋಕದ ವ್ಯವಹಾರ, ಸಾಹಿತ್ಯಕ್ಕೆ ಮೊದಲನೆಯದೇ ಮುಖ್ಯವೆಂದು ನಾವೆಲ್ಲ ಒಪ್ಪಿಕೊಂಡಂತಿದೆ. ಈ ಒಪ್ಪಿಗೆ ಸರಿಯೇ ಎಂದು ಮೂರು ಪುಸ್ತಕಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಒಂದು ಐರ್ಲೆಂಡಿನ ಕಥೋಲಿಕ ಬಾಲಕನ ಕಥೆ. ಇನ್ನೊಂದು ಮಲೆನಾಡಿನ ಅಗ್ರಹಾರದ ಕಥೆ. ಮೂರನೆಯದು ನಮ್ಮ ಆಂಧ್ರದೇಶದ ನಾಸ್ತಿಕರೊಬ್ಬರು ಬರೆದಿಟ್ಟ ಸಂಭಾಷಣೆ.

ಕಥೋಲಿಕ ಮನೆಯಲ್ಲಿ ಬೆಳೆಯುವುದೆಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಕನ್ನಡ ನಾಡಿಗೆ ಈ ಮತ ಹೊಸದಲ್ಲ. ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿ 1648ರಷ್ಟು ಹಿಂದೆಯೇ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಗ್ರಂಥಗಳನ್ನು ಬರೆದನು. ನಮ್ಮ ನೆರೆಯ ಬಳ್ಳಾರಿ 1949ರಲ್ಲಿಯೂ, ಕರ್ನೂಲು 1967ರಲ್ಲಿಯೂ ಪ್ರತ್ಯೇಕ ಧರ್ಮಪ್ರಾಂತಗಳಾದವು. ಈ ಮತದಲ್ಲಿ ಏಳು ವಿಧಿಗಳುಂಟು. ದೀಕ್ಷಾಸ್ನಾನ, ಪಾಪನಿವೇದನೆ, ಪರಮಪ್ರಸಾದ, ವಿವಾಹ ಮೊದಲಾಗಿ ಸಾಯುವವನಿಗೆ ಹಚ್ಚುವ ಎಣ್ಣೆಯವರೆಗೆ ಬಾಳಿನ ಒಂದೊಂದು ತಿರುವಿನಲ್ಲಿಯೂ ಗುಡಿಯ ಕೈ ಇರುತ್ತದೆ. ಕನ್ನಡ ಕಥೋಲಿಕರು ಈ ಏಳನ್ನೂ 'ಸಂಸ್ಕಾರ'ಗಳೆಂದೇ ಕರೆಯುತ್ತಾರೆ. ವರ್ಷಕ್ಕೊಮ್ಮೆಯಾದರೂ ಪಾಸ್ಕ ಹಬ್ಬದ ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸಲೇಬೇಕೆಂಬ ನಿಯಮ 1215ರ ಲ್ಯಾಟೆರನ್ ಮಹಾಸಭೆಯಷ್ಟು ಹಳೆಯದು. ಆದುದರಿಂದ ಒಬ್ಬನು ಮನಸ್ಸಿನಲ್ಲಿ ನಂಬಿಕೆ ಕಳೆದುಕೊಂಡರೆ ಅದು ಅವನೊಬ್ಬನ ಗುಟ್ಟಾಗಿ ಉಳಿಯುವುದಿಲ್ಲ. ಪಾಸ್ಕ ಬಂದಿತೆಂದರೆ ಅವನು ಎಲ್ಲರೊಡನೆ ಎದ್ದು ಹೋಗಿ ಪ್ರಸಾದ ತೆಗೆದುಕೊಳ್ಳಬೇಕು, ಇಲ್ಲವೆ ಎಲ್ಲರ ಕಣ್ಣೆದುರು ಕುಳಿತಲ್ಲಿಯೇ ಕುಳಿತಿರಬೇಕು. ಮತವನ್ನು ಬಿಡುವುದೆಂದರೆ ಪಂಕ್ತಿಯನ್ನು ಬಿಡುವುದು.

ಜೇಮ್ಸ್ ಜಾಯ್ಸ್‌ನ 'ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆಸ್ ಎ ಯಂಗ್ ಮ್ಯಾನ್' 1916ರಲ್ಲಿ ಗ್ರಂಥರೂಪದಲ್ಲಿ ಬಂದಿತು. ಅದರ ನಾಯಕ ಸ್ಟೀಫನ್ ಡೆಡಾಲಸ್ ಜೆಸುಯಿಟರ ಶಾಲೆಗಳಲ್ಲಿ ಬೆಳೆದವನು. ಗೋವೆಯಲ್ಲಿ ಯಾರ ಶರೀರವನ್ನು ಇಂದಿಗೂ ಇರಿಸಿಕೊಂಡಿದ್ದಾರೆಯೋ ಆ ಸಂತ ಫ್ರಾನ್ಸಿಸ್ ಕ್ಸೇವಿಯರನ ಹಬ್ಬಕ್ಕೆ ಮುನ್ನ ಶಾಲೆಯಲ್ಲಿ ಧ್ಯಾನದ ದಿನಗಳು ನಡೆಯುತ್ತವೆ. ಅಲ್ಲಿ ನರಕವನ್ನು ಕುರಿತು ಕೇಳಿದ ಉಪದೇಶದಿಂದ ಹದಿನಾರರ ಹುಡುಗ ನಡುಗಿಹೋಗಿ, ಓಡಿ ಹೋಗಿ ಪಾಪನಿವೇದನೆ ಮಾಡಿಕೊಳ್ಳುತ್ತಾನೆ. ಕೆಲಕಾಲ ಕಡು ಭಕ್ತನಾಗುತ್ತಾನೆ. ಪಾದ್ರಿಯಾಗುವೆಯಾ ಎಂಬ ಕರೆ ಬಂದಾಗ ಹಿಂಜರಿಯುತ್ತಾನೆ. ಕೊನೆಗೆ, ಪಾಸ್ಕ ಹಬ್ಬದ ಪ್ರಸಾದ ಸ್ವೀಕರಿಸು ಎಂಬ ತಾಯಿಯ ಬೇಡಿಕೆಯನ್ನು ನಿರಾಕರಿಸುತ್ತಾನೆ. ಇಷ್ಟನ್ನು ಎಲ್ಲ ವಿಮರ್ಶಕರೂ ಹೇಳಿದ್ದಾರೆ.

ನಮ್ಮ ಗಮನವನ್ನು ಸೆಳೆದದ್ದು ಇದಾದ ಮೇಲಿನ ದೃಶ್ಯ. ಸ್ಟೀಫನ್ ತನ್ನ ಗೆಳೆಯ ಕ್ರ್ಯಾನ್ಲಿಯೊಡನೆ ನಡೆಯುತ್ತ ಈ ವಿಷಯವನ್ನೆಲ್ಲ ಹೇಳುತ್ತಾನೆ. ಕ್ರ್ಯಾನ್ಲಿ ವಾದಕ್ಕಿಳಿಯುವುದಿಲ್ಲ. ನಿನ್ನ ತಾಯಿಗೆ ಎಷ್ಟು ಮಕ್ಕಳು, ಆಕೆ ಸುಖವಾಗಿ ಬಾಳಿದಳೇ ಎಂದು ಕೇಳುತ್ತಾನೆ. ನಂಬಿಕೆ ಇಲ್ಲದಿದ್ದ ಮೇಲೆ ಆ ಪ್ರಸಾದವನ್ನು ತಿಂದರೆ ನಷ್ಟವೇನು ಎಂದು ಕೆದಕುತ್ತಾನೆ. ಆಗ ಸ್ಟೀಫನ್ ಕೊಡುವ ಉತ್ತರ ವಿಚಿತ್ರವಾದುದು: ಅದು ಬರಿಯ ರೊಟ್ಟಿಯಲ್ಲದೆ ಇರಬಹುದೆಂಬ ಅಂಜಿಕೆ ತನಗಿದೆ ಎನ್ನುತ್ತಾನೆ. ಹೀಗೆ, ಬಿಟ್ಟು ಹೊರಟವನ ನಾಲಗೆಯಲ್ಲಿ ಆ ಅನ್ನದ ಭಯ ಇನ್ನೂ ಉಳಿದಿದೆ. ಸಂಭಾಷಣೆಯ ಕೊನೆಯಲ್ಲಿ ಕ್ರ್ಯಾನ್ಲಿ, ಒಬ್ಬಂಟಿಯಾಗಿರುವುದೆಂದರೆ ಏನೆಂದು ಬಲ್ಲೆಯಾ, ಗೆಳೆಯನೊಬ್ಬನೂ ಇಲ್ಲದಿರುವುದನ್ನು ತಾಳಬಲ್ಲೆಯಾ ಎಂದು ಕೇಳುತ್ತಾನೆ. ಅವನು ತನ್ನ ಏಕಾಂತವನ್ನೇ ಹೇಳಿಕೊಳ್ಳುತ್ತಿದ್ದಾನೆಂದು ಸ್ಟೀಫನ್‌ಗೆ ಹೊಳೆಯುತ್ತದೆ. ಯಾರ ಮಾತು ಹೇಳುತ್ತಿರುವೆ ಎಂದು ಕೇಳಿದರೆ ಕ್ರ್ಯಾನ್ಲಿ ಉತ್ತರಿಸುವುದಿಲ್ಲ.

ಇಲ್ಲಿಗೆ ಆ ದೃಶ್ಯ ಮುಗಿಯುತ್ತದೆ. ಇದರ ಮರುಸಾಲಿನಿಂದಲೇ ಕಾದಂಬರಿಯ ರೂಪ ಬದಲಾಗಿ ದಿನಚರಿಯಾಗುತ್ತದೆ. ಅಷ್ಟು ಹೊತ್ತು ಇಬ್ಬರು ಆಡುತ್ತಿದ್ದ ಮಾತು ಇನ್ನು ಒಬ್ಬನ ಬರಹವಾಗುತ್ತದೆ. ಇದನ್ನು ಕಲಾವಿದನ ಸ್ವಾತಂತ್ರ್ಯದ ಘೋಷಣೆಯೆಂದು ಕೊಂಡಾಡುವುದು ರೂಢಿ. ನಮಗೆ ತೋರುವುದು ಬೇರೆ. ಮಾತಾಡಲು ಜೊತೆ ಇಲ್ಲದವನು ದಿನಚರಿ ಬರೆಯುತ್ತಾನೆ. 1922ರ 'ಯುಲಿಸೀಸ್' ಗ್ರಂಥದಲ್ಲಿ ಇದೇ ಸ್ಟೀಫನ್ ತಾಯಿಯ ಮರಣಶಯ್ಯೆಯ ಬಳಿ ಮಂಡಿಯೂರಿ ಪ್ರಾರ್ಥಿಸಲೊಲ್ಲದ ನೆನಪಿನಿಂದ ಬೇಯುತ್ತಿರುವುದನ್ನು ಕಾಣುತ್ತೇವೆ. ಒಬ್ಬನೇ ಬಿಟ್ಟುಬಂದ ಮತವು ಅವನನ್ನು ಬಿಟ್ಟಿಲ್ಲ.

ಇನ್ನು ನಮ್ಮ ಭಾಷೆಯ ಗ್ರಂಥಕ್ಕೆ ಬರೋಣ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಪ್ರಕಟವಾಯಿತು. ಅದನ್ನು ಅವರು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರವನ್ನು ಧಿಕ್ಕರಿಸಿದ ನಾರಣಪ್ಪ ಸತ್ತಿದ್ದಾನೆ. ಅವನ ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಸಂಸ್ಕಾರ ಮಾಡುವವರು ಯಾರೆಂಬ ಪ್ರಶ್ನೆಗೆ ಪ್ರಾಣೇಶಾಚಾರ್ಯರಿಗೆ ಗ್ರಂಥಗಳಲ್ಲಿಯೂ ಉತ್ತರ ದೊರೆಯದು, ಮಾರುತಿಯ ಗುಡಿಯಲ್ಲಿಯೂ ದೊರೆಯದು. ಕಾಡಿನ ಕತ್ತಲಲ್ಲಿ ಚಂದ್ರಿಯ ಸಂಗವಾದ ಮೇಲೆ ಅವರ ಬದುಕೇ ಬೇರೆಯಾಗುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಅವರು ಊರು ಬಿಟ್ಟು ನಡೆಯುತ್ತಾರೆ.

ದಾರಿಯಲ್ಲಿ ಅವರಿಗೆ ಅಂಟಿಕೊಳ್ಳುವವನು ಮಾಲೇರ ಪುಟ್ಟ. ಅವನಿಗೆ ಒಗಟು ಬೇಕು, ಜಾತ್ರೆ ಬೇಕು, ಮಾತು ಬೇಕು. ಆಚಾರ್ಯರಿಗೆ ಏಕಾಂತ ಬೇಕು; ಪುಟ್ಟ ಬಿಡುವುದಿಲ್ಲ. ಕ್ರ್ಯಾನ್ಲಿಯ ಸ್ಥಾನದಲ್ಲಿ ಇಲ್ಲಿ ಪುಟ್ಟನಿದ್ದಾನೆ ಎಂದರೆ ಅತಿಯಾಗಲಾರದು. ಇಬ್ಬರೂ ಜೊತೆಗಾರರೇ, ಆದರೆ ಇಬ್ಬರೂ ಸಮಾನಮನಸ್ಕರಲ್ಲ. ಮೇಳಿಗೆಯ ಜಾತ್ರೆಯಲ್ಲಿ ಆಚಾರ್ಯರು ಸೂತಕದಲ್ಲಿದ್ದೂ ದೇವಸ್ಥಾನದ ಬ್ರಾಹ್ಮಣ ಪಂಕ್ತಿಯಲ್ಲಿ ಕುಳಿತುಬಿಡುತ್ತಾರೆ. ತುತ್ತು ಗಂಟಲಲ್ಲಿ ಇಳಿಯದು. ತಮ್ಮ ಗುರುತು ಸಿಕ್ಕಿತೆಂಬ ದಿಗಿಲಿನಲ್ಲಿ ಅರ್ಧಕ್ಕೇ ಎದ್ದು ಹೊರಬೀಳುತ್ತಾರೆ. ಡಬ್ಲಿನ್ನಿನ ಹುಡುಗನಿಗೆ ಪ್ರಸಾದದ ರೊಟ್ಟಿಯ ಭಯ. ಮಲೆನಾಡಿನ ವೇದಾಂತಿಗೆ ಪಂಕ್ತಿಯ ಅನ್ನದ ಭಯ. ಇಬ್ಬರೂ ತಾವು ಬಿಟ್ಟ ಅನ್ನಕ್ಕೆ ಶಕ್ತಿಯಿದೆಯೆಂದು ಇನ್ನೂ ನಂಬುತ್ತಾರೆ. ಬುದ್ಧಿ ಹೊರಗೆ ಬಂದಿದ್ದರೂ ಹೊಟ್ಟೆ ಇನ್ನೂ ಒಳಗಿದೆ. ಹೊಸ ಪಂಕ್ತಿಯೊಂದು ಸಿಗದ ಹೊರತು ಈ ಭಯ ಹೋಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

'ಸಂಸ್ಕಾರ'ದಲ್ಲಿ ಇಂಥ ಬೇರೊಂದು ಪಂಕ್ತಿಯ ಸುಳಿವು ಇದೆ. ಅದು ಆಚಾರ್ಯರ ಭಾಗದಲ್ಲಿಲ್ಲ, ಸತ್ತ ನಾರಣಪ್ಪನ ಭಾಗದಲ್ಲಿದೆ. ಪಾರಿಜಾತಪುರದ ನಾಟಕದ ಹುಡುಗರೂ ಮುಸಲ್ಮಾನ ಸ್ನೇಹಿತರೂ ಅವನ ಬಳಗವಾಗಿದ್ದರು. ಅಗ್ರಹಾರವೆಲ್ಲ ಧರ್ಮಶಾಸ್ತ್ರ ತಿರುವಿಹಾಕುತ್ತಿರುವಾಗ ಚಂದ್ರಿಯ ಬೇಡಿಕೆಗೆ ಓಗೊಟ್ಟು, ರಾತ್ರಿ ಗಾಡಿ ತಂದು, ಆ ಹೆಣವನ್ನು ಸುಡಲು ನೆರವಾದವನು ಮೀನು ವ್ಯಾಪಾರದ ಅಹಮದ್ ಬ್ಯಾರಿ. ಇಡೀ ಕಾದಂಬರಿಯ ಪ್ರಶ್ನೆಗೆ ಕೃತಿಯಿಂದ ಉತ್ತರ ಕೊಟ್ಟವನು ಅವನು. ಆದರೂ ಅವನಿಗೆ ದೊರೆತಿರುವ ಸ್ಥಳ ಬಹು ಸ್ವಲ್ಪ. ಆಚಾರ್ಯರ ಅಂತರಂಗಕ್ಕೆ ಪುಟಗಟ್ಟಲೆ ಜಾಗವಿದೆ. ಹೆಣಕ್ಕೆ ಹೆಗಲು ಕೊಟ್ಟವನಿಗೆ ನಾಲ್ಕು ಸಾಲು. ಇದು ಲೇಖಕರ ಶಕ್ತಿಯ ಕೊರತೆಯೆಂದು ನಾವು ಹೇಳುವುದಿಲ್ಲ. ಆ ಕಾಲದ ನವ್ಯ ದೃಷ್ಟಿಯ ಮಿತಿಯಿದು. ವ್ಯಕ್ತಿಯೊಬ್ಬನ ತಲ್ಲಣವೇ ಸತ್ಯ, ಸಂಗವೆಲ್ಲ ಸಂತೆ ಎಂಬುದು ಆ ದೃಷ್ಟಿ. ಹನ್ನೆರಡನೆಯ ಶತಮಾನದ ನಮ್ಮ ಶರಣರು ಹಾಗೆ ತಿಳಿದಿರಲಿಲ್ಲ. ಅವರು ನಾಸ್ತಿಕರಲ್ಲ, ದಿಟ. ಆದರೆ ಹುಟ್ಟಿದ ಆಚಾರವನ್ನು ಬಿಟ್ಟ ಬಸವಣ್ಣನವರು ಕಲ್ಯಾಣದಲ್ಲಿ ಒಂದು ಬಳಗವನ್ನು ಕಟ್ಟಿದರು. ಬಿಡುವುದೂ ಕೂಡುವುದೂ ಒಂದೇ ಕೆಲಸದ ಎರಡು ಮುಖಗಳೆಂದು ಅವರಿಗೆ ಗೊತ್ತಿತ್ತು.

ಮೂರನೆಯ ಗ್ರಂಥ ಗೋರಾ ಎಂದು ಹೆಸರಾದ ಗೋಪರಾಜು ರಾಮಚಂದ್ರ ರಾವ್ ಅವರದು. 'ಆ್ಯನ್ ಎಥಿಯಿಸ್ಟ್ ವಿತ್ ಗಾಂಧಿ' ಎಂಬ ಈ ಚಿಕ್ಕ ಪುಸ್ತಕವನ್ನು ನವಜೀವನ ಪ್ರಕಾಶನ 1951ರಲ್ಲಿ ಹೊರತಂದಿತು. ಗೋರಾ ಕಥೋಲಿಕರಲ್ಲ, ಮೇಲ್ಜಾತಿಯ ಹಿಂದೂ ಮನೆಯಲ್ಲಿ 1902ರಲ್ಲಿ ಹುಟ್ಟಿ, ಸಸ್ಯಶಾಸ್ತ್ರದ ಅಧ್ಯಾಪಕರಾಗಿ, ನಾಸ್ತಿಕ ವಿಚಾರಗಳ ಕಾರಣ ಕೆಲಸ ಕಳೆದುಕೊಂಡವರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ಅವರೂ ಅವರ ಪತ್ನಿ ಸರಸ್ವತಿಯವರೂ ಸ್ಥಾಪಿಸಿದ ನಾಸ್ತಿಕ ಕೇಂದ್ರ 1947ರಲ್ಲಿ ವಿಜಯವಾಡಕ್ಕೆ ಬಂದಿತು. ಅಲ್ಲಿ ವಾದಕ್ಕಿಂತ ಮುಂಚೆ ನಡೆದದ್ದು ಜಾತಿ ಮತಗಳ ಭೇದವಿಲ್ಲದ ಸಹಭೋಜನ. ಪುಸ್ತಕದ ರೂಪವೂ ಇದಕ್ಕೆ ತಕ್ಕಂತಿದೆ. ಜಾಯ್ಸ್‌ನ ಗ್ರಂಥ ಸಂಭಾಷಣೆಯಿಂದ ದಿನಚರಿಗೆ ಇಳಿದರೆ, ಗೋರಾ ಅವರ ಗ್ರಂಥ ಮೊದಲಿನಿಂದ ಕೊನೆಯವರೆಗೆ ಸಂಭಾಷಣೆ. ದೇವರನ್ನು ನಂಬಿದ ಗಾಂಧೀಜಿ, ನಂಬದ ಗೋರಾ, ಇಬ್ಬರೂ ಸೇವಾಗ್ರಾಮದ ನೆಲದ ಮೇಲೆ ಕುಳಿತು ಮಾತಾಡುತ್ತಾರೆ. ನನ್ನ ಆಸ್ತಿಕತೆ ಸರಿಯೆಂದೂ ನಿಮ್ಮ ನಾಸ್ತಿಕತೆ ತಪ್ಪೆಂದೂ ಹೇಳಲಾರೆ ಎಂಬ ಅರ್ಥದ ಮಾತನ್ನು ಗಾಂಧೀಜಿ ಆಡುತ್ತಾರೆ. ಗೋರಾ ಅವರ ಹಿರಿಯ ಮಗಳನ್ನು ಹರಿಜನ ತರುಣನಿಗೆ ಕೊಟ್ಟು ಮಾಡುವ ಮದುವೆಯನ್ನು ತಾವೇ ನಡೆಸಿಕೊಡುವುದಾಗಿ ಒಪ್ಪಿದ್ದರು. ಅವರ ಮರಣಾನಂತರ 1948ರಲ್ಲಿ ಸೇವಾಗ್ರಾಮದಲ್ಲಿಯೇ ಆ ಮದುವೆ ನಡೆಯಿತು. ಸಾಹಿತ್ಯಗುಣದಲ್ಲಿ ಈ ಪುಸ್ತಕ ಜಾಯ್ಸ್‌ನ ಗ್ರಂಥದ ಹತ್ತಿರಕ್ಕೂ ಬರಲಾರದು. ಆದರೆ ಜಾಯ್ಸ್ ಬಿಟ್ಟ ಪ್ರಶ್ನೆಗೆ ಇದು ಉತ್ತರ ಹೇಳುತ್ತದೆ.

ಈ ಬಳಗಕ್ಕೆ ಕ್ರೈಸ್ತ ಮನೆಯ ಮಗಳೊಬ್ಬರೂ ಬಂದು ಸೇರಿದರು. 'ಗಬ್ಬಿಲಂ' ಕಾವ್ಯದ ಕವಿ ಗುರ್ರಂ ಜಾಷುವಾ ಕ್ರೈಸ್ತ ಮನೆತನದವರು. ಅಸ್ಪೃಶ್ಯತೆಯ ನೋವನ್ನೂ, ಹಿಂದೂ ಪುರಾಣಗಳನ್ನು ಕಾವ್ಯವಸ್ತು ಮಾಡಿಕೊಂಡುದಕ್ಕಾಗಿ ತಮ್ಮ ಮತದವರ ಸಿಟ್ಟನ್ನೂ ಒಟ್ಟಿಗೆ ಉಂಡವರು. ಅವರ ಮಗಳು ಹೇಮಲತಾ 1960ರಲ್ಲಿ ಗೋರಾ ಅವರ ಮಗ ಲವಣಂ ಅವರನ್ನು ಮದುವೆಯಾದರು. ಸ್ಟುವರ್ಟ್‌ಪುರದಲ್ಲಿ ಅಪರಾಧಿಗಳೆಂಬ ಹಣೆಪಟ್ಟಿ ಹೊತ್ತ ಕುಟುಂಬಗಳ ನಡುವೆಯೂ, ನಿಜಾಮಾಬಾದಿನ ಕಡೆ ಜೋಗಿನಿಯರ ನಡುವೆಯೂ ಈ ದಂಪತಿಗಳು ದುಡಿದರು. ಅವರ ಸಂಸ್ಥೆಯ ಹೆಸರು 'ಸಂಸ್ಕಾರ್'. ಒಂದೇ ಪದ ಕಥೋಲಿಕರಲ್ಲಿ ಗುಡಿಯ ವಿಧಿಯಾಗಿಯೂ, ಕಾದಂಬರಿಯಲ್ಲಿ ಹೆಣದ ಕ್ರಿಯೆಯಾಗಿಯೂ, ಇಲ್ಲಿ ಮನುಷ್ಯಸೇವೆಯಾಗಿಯೂ ನಿಂತಿರುವುದನ್ನು ವಾಚಕರು ಗಮನಿಸಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಾಸ್ತಿಕರೂ ಬಳಗ ಕಟ್ಟಿಕೊಂಡರೆ ಅದೂ ಒಂದು ಮಠವಾಗದೆ? ಅಲ್ಲಿಯೂ ಗುರು, ಗ್ರಂಥ, ಬಹಿಷ್ಕಾರಗಳು ಬರಲಾರವೆ? ಬರಬಹುದು. ಸಮಾನಮನಸ್ಕರ ಕೂಟದಲ್ಲಿ ತಲೆದೂಗುವುದೇ ಅಭ್ಯಾಸವಾದರೆ, ಮತ ಬಿಟ್ಟವನು ಇನ್ನೊಂದು ಮತಕ್ಕೆ ಸೇರಿದಂತೆಯೇ ಸರಿ. ಆದುದರಿಂದ ಬಳಗ ಇದ್ದರಷ್ಟೇ ಸಾಲದು. ಅದು ಬೇರೆ ಮನಸ್ಸಿನವರಿಗೂ ಎಲೆ ಹಾಕುವ ಬಳಗವಾಗಿರಬೇಕು. ಗೋರಾ ಅವರ ಪುಸ್ತಕದ ಬೆಲೆಯಿರುವುದು ಇಲ್ಲಿಯೇ: ಅದರಲ್ಲಿ ಅವರು ಕೂಡಿದ್ದು ತಮ್ಮ ಮಾತನ್ನು ಒಪ್ಪದ ಒಬ್ಬರೊಡನೆ. ಏಕಾಂತವಿಲ್ಲದೆ ಕಲೆಯಿಲ್ಲ ಎಂಬ ಇನ್ನೊಂದು ಆಕ್ಷೇಪವನ್ನೂ ನಾವು ಬಲ್ಲೆವು. ಸ್ಟೀಫನ್ ಕವಿಯಾಗಬೇಕಿತ್ತು, ಅವನಿಗೆ ಏಕಾಂತ ಸಲ್ಲುತ್ತದೆ. ಆದರೆ ಮತ ಬಿಡುವವರೆಲ್ಲ ಕವಿಗಳಾಗುವುದಿಲ್ಲ. ಅವರಲ್ಲಿ ಬಹುಮಂದಿ ನಮ್ಮಂಥ ಸಾಧಾರಣರು. ಅವರಿಗೆ ನಾಳೆ ಮದುವೆಯಾಗಬೇಕು, ನಾಡಿದ್ದು ತಂದೆಯನ್ನು ಮಣ್ಣು ಮಾಡಬೇಕು.

ಪೆದ್ದಕಡುಬೂರಿನ ಸೀಮೆಯಲ್ಲಿ ಕುಳಿತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಪಂಕ್ತಿಯ ಬಲ ಎಷ್ಟೆಂದು ಈ ಸೀಮೆಗೆ ಗೊತ್ತು. ಒಂದು ಕಡೆ ಮಂತ್ರಾಲಯ, ಇನ್ನೊಂದು ಕಡೆ ಶ್ರಾವಣದಲ್ಲಿ ಜನ ಕಿಕ್ಕಿರಿಯುವ ಉರುಕುಂದದ ಈರಣ್ಣ. ಹಬ್ಬ, ಊಟ, ನೆಂಟಸ್ತಿಕೆಗಳೆಲ್ಲ ನಂಬಿಕೆಯ ಸುತ್ತಲೇ ಹೆಣೆದುಕೊಂಡಿವೆ. ಇಂಥಲ್ಲಿ ಹಿಂದೂ ಮನೆಯ ಹುಡುಗನಿರಲಿ, ಕಥೋಲಿಕ ಮನೆಯ ಹುಡುಗಿಯಿರಲಿ, ತನಗೆ ನಂಬಿಕೆ ಬಾರದೆಂದು ಮೊದಲು ಬಾಯಿಬಿಡುವುದು ಅನೇಕ ಸಲ ಶಾಲೆಯ ಉಪಾಧ್ಯಾಯರ ಮುಂದೆಯೇ. ಸಂವಿಧಾನದ 25ನೆಯ ವಿಧಿ ಅಂತಃಕರಣದ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. 1976ರಲ್ಲಿ ಸೇರಿದ 51ಎ ವಿಧಿ ವೈಜ್ಞಾನಿಕ ಮನೋಭಾವವನ್ನು ಕರ್ತವ್ಯವೆಂದಿದೆ. ಅದೇ ವರ್ಷ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿ, ಪ್ರಶ್ನಿಸುವುದು ಅಧ್ಯಾಪಕನ ಕೆಲಸವೇ ಎಂದು ತೋರಿಸಿಕೊಟ್ಟರು. ಆದರೆ ವಿಧಿಗಳೂ ಸಮಿತಿಗಳೂ ಆ ಮಗುವಿನ ಪಕ್ಕದಲ್ಲಿ ಕುಳಿತು ಉಣ್ಣಲಾರವು.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆ ಈ ಭಾಗದ ಕನ್ನಡಿಗರು ಒಂದು ಪಾಠ ಕಲಿತರು. ಮನೆಯೊಳಗೆ ಒಬ್ಬೊಬ್ಬರೇ ಇಟ್ಟುಕೊಂಡ ಭಾಷೆ ಸೊರಗುತ್ತದೆ. ನಾಲ್ಕು ಜನ ಕೂಡಿ ಆಡಿದ ಭಾಷೆ ಬದುಕುತ್ತದೆ. ಉಪಾಧ್ಯಾಯರ ಸಂಘಗಳೂ ಇಂಥ ಸಂಚಿಕೆಗಳೂ ಹುಟ್ಟಿದ್ದು ಅದಕ್ಕಾಗಿಯೇ. ಭಾಷೆಗೆ ಹೇಳಿದ ಮಾತು ವಿಚಾರಕ್ಕೂ ಸಲ್ಲುತ್ತದೆ. ಸಂಶಯ ತಂದ ಮಗುವಿಗೆ ಉಪಾಧ್ಯಾಯರು ತಮ್ಮ ನಂಬಿಕೆಯನ್ನು ಹೇರಬೇಕಾಗಿಲ್ಲ, ಅಪನಂಬಿಕೆಯನ್ನೂ ಹೇರಬೇಕಾಗಿಲ್ಲ. ಕ್ರ್ಯಾನ್ಲಿ ಕೇಳಿದ ಪ್ರಶ್ನೆಯನ್ನು ಮರೆಯದಿದ್ದರೆ ಸಾಕು: ಒಬ್ಬಂಟಿಯಾಗಿರುವುದೆಂದರೆ ಏನೆಂದು ಬಲ್ಲೆಯಾ? ಅದನ್ನು ಕೇಳಿದ ಮೇಲೆ ಎದ್ದು ಹೋಗದೆ, ಇನ್ನಷ್ಟು ದೂರ ಜೊತೆಗೆ ನಡೆಯಬೇಕು. ಬಿಟ್ಟು ಬಂದವರ ಕಥೆಯನ್ನು ಕನ್ನಡದಲ್ಲಿ ಇನ್ನು ಬರೆಯುವವರು ಆ ನಡಿಗೆಯಿಂದ ಕಥೆಯನ್ನು ಆರಂಭಿಸಲಿ ಎಂದು ನಾವು ಹಾರೈಸುತ್ತೇವೆ.