ಲಾಗಿನ್ ಸುಳಿಯಿಂದ ಬಿಡಿಸುವ ಕುಶಲತೆ

ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಕೆಲವೊಮ್ಮೆ ಸರಿಯಾದ ಪಾಸ್‌ವರ್ಡನ್ನೇ ಕೊಟ್ಟರೂ ಪರದೆ ಕ್ಷಣಕಾಲ ಕಪ್ಪಾಗಿ ಮತ್ತೆ ಲಾಗಿನ್ ಪುಟಕ್ಕೇ ಮರಳುತ್ತದೆ. ಪಾಸ್‌ವರ್ಡ್ ತಪ್ಪೆಂಬ ಸೂಚನೆ ಬಾರದಿರುವುದೇ, ದೋಷವಿರುವುದು ಗುರುತಿನ ಪರಿಶೀಲನೆಯಲ್ಲಲ್ಲ, ಅನಂತರ ಡೆಸ್ಕ್‌ಟಾಪ್ ತೆರೆದುಕೊಳ್ಳುವ ಹಂತದಲ್ಲಿ ಎಂಬುದಕ್ಕೆ ಮೊದಲ ಸುಳಿವು. ನುರಿತ ದುರಸ್ತಿಗಾರರು ಎಲ್ಲವನ್ನೂ ಅಳಿಸಲು ಮುಂದಾಗದೆ, ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ, ಅಕ್ಷರಗಳಲ್ಲೇ ಆದೇಶ ಸ್ವೀಕರಿಸುವ ಟರ್ಮಿನಲ್‌ಗೆ ಹೋಗುತ್ತಾರೆ. ಅಲ್ಲಿ ಅದೇ ಪಾಸ್‌ವರ್ಡ್ ನಡೆದರೆ ಅರ್ಧ ಕೆಲಸ ಮುಗಿದಂತೆ. ಡಿಸ್ಕ್ ಪೂರ್ತಿ ತುಂಬಿದ್ದರೂ ಡೆಸ್ಕ್‌ಟಾಪ್ ಆರಂಭವಾಗದಿರಬಹುದಾದ್ದರಿಂದ ಮೊದಲು ಅದನ್ನು ನೋಡುತ್ತಾರೆ. ಬಳಿಕ, ಎಕ್ಸ್ ಎಂಬ ಚಿತ್ರವ್ಯವಸ್ಥೆಯಲ್ಲಿ ಪರದೆಯನ್ನು ಬಳಸುವ ಅನುಮತಿಯನ್ನು ಕಾಯ್ದಿಡುವ ‘ಎಕ್ಸ್‌ಅಥಾರಿಟಿ’ ಎಂಬ ಮರೆಯ ಕಡತವನ್ನು ಪರೀಕ್ಷಿಸುತ್ತಾರೆ. ಬಳಕೆದಾರರು ಎಂದೋ ಆಡಳಿತಾಧಿಕಾರವುಳ್ಳ ರೂಟ್ ಖಾತೆಯ ಹೆಸರಿನಲ್ಲಿ ಡೆಸ್ಕ್‌ಟಾಪ್ ತಂತ್ರಾಂಶವೊಂದನ್ನು ನಡೆಸಿದ್ದರೆ ಆ ಕಡತ ರೂಟ್‌ನ ವಶಕ್ಕೆ ಹೋಗಿ, ಯಜಮಾನನಿಗೇ ಮನೆಯ ಬಾಗಿಲು ಮುಚ್ಚಿದಂತಾಗಿರುವ ಸಾಧ್ಯತೆಯಿದೆ. ಒಡೆತನ ಬದಲಿಸುವ ಒಂದೇ ಸಾಲಿನ ಆದೇಶ ಅದನ್ನು ಸರಿಪಡಿಸುತ್ತದೆ. ಫೋಟೊ, ಪತ್ರ, ಲೆಕ್ಕಪತ್ರ ಯಾವುದೂ ನಷ್ಟವಾಗುವುದಿಲ್ಲ. ನಿಜಕ್ಕೂ ಮೆಚ್ಚಬೇಕಾದದ್ದು ಆ ಆದೇಶಕ್ಕಿಂತ ಅದರತ್ತ ಒಯ್ಯುವ ತಾಳ್ಮೆಯ ತರ್ಕವನ್ನು. ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ಯುವವರು ಫಾರ್ಮ್ಯಾಟ್‌ಗೆ ಒಪ್ಪುವ ಮುನ್ನ ಇಷ್ಟನ್ನಾದರೂ ಪರೀಕ್ಷಿಸುವಂತೆ ಕೇಳಬೇಕು.